ಕೇಪು ಸಿಡಿದು ಈಡು ಹಾರದಿದ್ದರೆ: ಎನ್‌ಫೀಲ್ಡ್ ಬಗೆಯ ಹಳೆಯ ಹಾಗೂ ಪ್ರತಿಕೃತಿ ಕೋವಿಗಳ ದೋಷ ನಿವಾರಣೆ

ಕುದುರೆ ಬಿತ್ತು, ಕೇಪು ಠಸ್ಸೆಂದಿತು, ಈಡು ಮಾತ್ರ ಹಾರಲಿಲ್ಲ. ಬಾಯಿಯಿಂದ ಮದ್ದು ತುಂಬುವ ಕೋವಿ ಇಟ್ಟುಕೊಂಡವರಿಂದ ಹೆಚ್ಚಾಗಿ ಕೇಳಿಬರುವ ದೂರು ಇದು. ಕುದುರೆಯೆಂದರೆ ಟ್ರಿಗರ್ ಒತ್ತಿದಾಗ ಬೀಳುವ ಸುತ್ತಿಗೆ, ಕೇಪೆಂದರೆ ಅದರ ಏಟಿಗೆ ಕಿಡಿ ಕೊಡುವ ಚಿಕ್ಕ ತಾಮ್ರದ ಟೋಪಿ, ಈಡೆಂದರೆ ನಳಿಗೆಯೊಳಗೆ ತುಂಬಿದ ಮದ್ದು, ಗುಂಡು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಇಂಥ ಕೋವಿಗಳು ಎರಡು ಬಗೆಯವರ ಬಳಿ ಇವೆ. ಕಡಲೆಕಾಯಿ ಹೊಲಕ್ಕೆ ಇಳಿಯುವ ಹಂದಿಯನ್ನು ಸದ್ದು ಮಾಡಿ ಓಡಿಸಲೆಂದು ಬೆಳೆ ರಕ್ಷಣೆಯ ಪರವಾನಗಿಯಲ್ಲಿ ತಲೆಮಾರುಗಳಿಂದ ಕೇಪಿನ ಕೋವಿ ಇಟ್ಟುಕೊಂಡ ರೈತ ಮನೆಗಳು ಒಂದು ಕಡೆ. 1853ರ ಎನ್‌ಫೀಲ್ಡ್, ಅದರ ಮುಂದಿನ, ಹಿಂಬದಿಯಿಂದ ತೋಟಾ ತುಂಬುವ ಸ್ನೈಡರ್, ಮಾರ್ಟಿನಿ-ಹೆನ್ರಿಯಂಥ ದೊಡ್ಡ ಬೋರಿನ (ನಳಿಗೆಯ ಒಳ ಅಗಲದ) ಬ್ರಿಟಿಷ್ ಸೈನಿಕ ಕೋವಿಗಳನ್ನೋ ಅವುಗಳ ಪ್ರತಿಕೃತಿಗಳನ್ನೋ ಸಂಗ್ರಹಿಸಿ, ಪರವಾನಗಿ ಪಡೆದು, ಗುರಿಹಲಗೆಗೆ ಹೊಡೆಯುವವರು ಇನ್ನೊಂದು ಕಡೆ. ಕೇಪಿನ ಕೋವಿಯಾದರೆ ಇಬ್ಬರಿಗೂ ಎದುರಾಗುವ ದೋಷ ಒಂದೇ, ಅದನ್ನು ಹುಡುಕುವ ದಾರಿಯೂ ಒಂದೇ. ತೋಟಾದ ಕೋವಿಗಳ ಮಾತು ಕೊನೆಯಲ್ಲಿದೆ.

ಈಡು ಹುಸಿ ಹೋದ ಕೂಡಲೇ ಎಲ್ಲರೂ ಮದ್ದನ್ನು ಬಯ್ಯುತ್ತಾರೆ. ನಿಜದಲ್ಲಿ ಮದ್ದು ಕೆಟ್ಟಿರುವುದಕ್ಕಿಂತ, ಕೇಪಿನ ಬೆಂಕಿ ಮದ್ದಿನವರೆಗೆ ಹೋಗುವ ಸಣ್ಣ ಹಾದಿ ಮುಚ್ಚಿರುವುದೇ ಹೆಚ್ಚು. ಆದ್ದರಿಂದ ಹೊರಗಿನಿಂದ ಒಳಕ್ಕೆ ಬನ್ನಿ: ಕುದುರೆ, ಕೇಪು, ನಿಪ್ಪಲ್ (ಕೇಪು ಕೂರುವ ತೂತಿನ ಮೊಳೆ), ಕಿವಿಯ (ನಿಪ್ಪಲ್ ಕೂರುವ, ನಳಿಗೆಯ ಪಕ್ಕದ ಉಬ್ಬಿನ) ಹಾದಿ, ಮದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಪು, ಮದ್ದು, ನಿಪ್ಪಲ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಈಡು ಹಾರಬಹುದು, ಆದರೆ ದೋಷ ಎಲ್ಲಿತ್ತೆಂದು ಗೊತ್ತಾಗುವುದಿಲ್ಲ, ಮುಂದಿನ ಮಳೆಗಾಲಕ್ಕೆ ಅದೇ ತೊಂದರೆ ಮತ್ತೆ ಬರುತ್ತದೆ. ನಿಪ್ಪಲ್ಲಿನ ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಿಸುವ ಚಿಕಿತ್ಸೆ ನಮ್ಮ ಕಡೆ ತುಂಬ ಚಾಲ್ತಿಯಲ್ಲಿದೆ. ಅದು ದೋಷವನ್ನು ಮುಚ್ಚಿ ಅಪಾಯವನ್ನು ತೆರೆಯುತ್ತದೆ. ಯಾಕೆಂದು ಮುಂದೆ ಹೇಳಿದ್ದೇವೆ.

ಈಡು ಹುಸಿ ಹೋದ ಆ ಎರಡು ನಿಮಿಷ

ಕೋವಿಯ ಬಾಯಿ ಗುರಿಯ ಕಡೆಗೇ ಇರಲಿ. ಹೆಗಲಿನಿಂದ ಇಳಿಸಬೇಡಿ, ಬಾಯಿಯೊಳಗೆ ಇಣುಕಬೇಡಿ, ಗಜ (ಈಡನ್ನು ತಳಕ್ಕೆ ಒತ್ತುವ ಉದ್ದ ಕೋಲು) ಹಾಕಬೇಡಿ. ಕೇಪಿನ ಕಿಡಿ ಮದ್ದಿನ ಒಂದು ಮೂಲೆಯಲ್ಲಿ ಹೊಗೆಯಾಡುತ್ತಿದ್ದು ಕೆಲವು ಕ್ಷಣ ಕಳೆದು ಹೊತ್ತಿಕೊಳ್ಳಬಹುದು. ಪೂರ್ತಿ ಎರಡು ನಿಮಿಷ ಹಾಗೇ ಹಿಡಿದು ನಿಲ್ಲಿ. ಆಮೇಲೆ, ಬಾಯಿ ಇನ್ನೂ ಗುರಿಯ ಕಡೆಗಿರುವಾಗಲೇ, ಒಡೆದ ಕೇಪನ್ನು ತೆಗೆದು ಸಣ್ಣ ತಂತಿಯಿಂದ ನಿಪ್ಪಲ್ಲಿನ ತೂತನ್ನು ಚುಚ್ಚಿ, ಹೊಸ ಕೇಪು ಹಾಕಿ ಇನ್ನೊಮ್ಮೆ ಹೊಡೆಯಿರಿ. ಎರಡನೆಯದೂ ಹುಸಿ ಹೋದರೆ ಮತ್ತೆ ಎರಡು ನಿಮಿಷ. ಮೂರನೆಯ ಕೇಪೂ ವ್ಯರ್ಥವಾದರೆ ಕೇಪು ಖರ್ಚು ಮಾಡುವುದನ್ನು ನಿಲ್ಲಿಸಿ ಈಡನ್ನು ಹೊರತೆಗೆಯುವ ಕೆಲಸಕ್ಕೆ ಇಳಿಯಿರಿ.

ಹೊರತೆಗೆಯುವ ಮೊದಲು ಮದ್ದನ್ನು ಕೊಲ್ಲಬೇಕು. ನಿಪ್ಪಲ್ ಪಾನಾದಿಂದ ನಿಪ್ಪಲ್ ಬಿಚ್ಚಿ, ಆ ತೂತಿನಿಂದ ನೀರು ಹಾಯಿಸಿ, ಅರ್ಧ ಗಂಟೆ ನೆನೆಯಲು ಬಿಡಿ. ಬಾಯಿಯಿಂದ ನೀರು ಹೊಯ್ದರೆ ಸಾಲದು. ಮೇಣ ಸವರಿದ ಗುಂಡು ಬಿರಡೆಯ ಹಾಗೆ ನೀರನ್ನು ಮೇಲೆಯೇ ತಡೆದುಬಿಡುತ್ತದೆ. ಮದ್ದು ಕೆಸರಾದ ಮೇಲೆ ಗಜದ ತುದಿಗೆ ಗುಂಡು ಕೀಳುವ ತಿರುಪನ್ನು ಹಾಕಿ, ಸೀಸದೊಳಕ್ಕೆ ತಿರುಗಿಸಿ, ನೇರವಾಗಿ ಎಳೆಯಿರಿ. ತಿರುಪು ಬೋರಿನ ಗೋಡೆಯನ್ನು ಗೀರದಂತೆ ಅದರ ಹಿಂದೆ ಹಿತ್ತಾಳೆಯ ಬಳೆ ಇರುವುದನ್ನೇ ಬಳಸಿ.

ಮದ್ದು ಹಾಕುವುದನ್ನೇ ಮರೆತು ಗುಂಡು ಮಾತ್ರ ಇಳಿಸಿದ್ದೀರೆಂದು ಖಚಿತವಾಗಿದ್ದರೆ ದಾರಿ ಸುಲಭ. ನಿಪ್ಪಲ್ ಬಿಚ್ಚಿ ನಾಲ್ಕೈದು ಗ್ರೇನ್ (ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ) ಸಣ್ಣ ಕಪ್ಪು ಮದ್ದನ್ನು ತೂತಿನಿಂದ ಒಳಕ್ಕೆ ತೂರಿಸಿ, ನಿಪ್ಪಲ್ ಹಾಕಿ, ಗುಂಡನ್ನು ಗಜದಿಂದ ಮತ್ತೆ ತಳಕ್ಕೆ ಒತ್ತಿ, ಗಜ ತೆಗೆದು, ಕೇಪು ಹಾಕಿ, ಗುರಿಯ ಕಡೆಗೆ ಹೊಡೆದು ಹೊರಹಾಕಬಹುದು. ಗುಂಡನ್ನು ಮತ್ತೆ ತಳಕ್ಕೆ ಒತ್ತುವುದನ್ನು ಮಾತ್ರ ಮರೆಯುವ ಹಾಗಿಲ್ಲ.

ಗಜದ ಮೇಲಿನ ಎರಡು ಗೆರೆ

ಯಾವ ಪರೀಕ್ಷೆಗೂ ಮೊದಲು ನಳಿಗೆ ಖಾಲಿಯೋ ಅಲ್ಲವೋ ತಿಳಿಯಬೇಕು. ಖಾಲಿ ಎಂದು ಖಚಿತವಿರುವ ದಿನ ಗಜವನ್ನು ತಳದವರೆಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ನಿಮ್ಮ ಮಾಮೂಲಿ ಈಡು ತುಂಬಿದಾಗ ಬಾಯಿಯ ಮಟ್ಟಕ್ಕೆ ಎರಡನೆಯ ಗೆರೆ. ಎನ್‌ಫೀಲ್ಡಿನ ಹಳೆಯ ಸೈನಿಕ ಈಡಿನಲ್ಲಿ ಸುಮಾರು 70 ಗ್ರೇನ್ ಮದ್ದು, 530 ಗ್ರೇನ್ ತೂಕದ ಉದ್ದ ಗುಂಡು ಇರುತ್ತಿತ್ತು, 0.577 ಇಂಚಿನ ಬೋರಿನಲ್ಲಿ ಅದು ಸುಮಾರು ಎರಡು ಇಂಚು ಜಾಗ ಹಿಡಿಯುತ್ತದೆ. ಗುರಿ ಅಭ್ಯಾಸಕ್ಕೆ ಅಷ್ಟು ಮದ್ದು ಬೇಕಿಲ್ಲ. ಪ್ರತಿಕೃತಿಯಾದರೆ ತಯಾರಕರ ಪಟ್ಟಿಯಲ್ಲಿರುವ ಕನಿಷ್ಠ ಅಳತೆಯಿಂದಲೇ ಆರಂಭಿಸಿ.

ಈ ಎರಡು ಗೆರೆಗಳಿಂದ ಮೂರು ವಿಷಯ ತಿಳಿಯುತ್ತದೆ. ಗಜ ಮೊದಲ ಗೆರೆಗೆ ನಿಂತರೆ ಖಾಲಿ. ಎರಡನೆಯದಕ್ಕೆ ನಿಂತರೆ ಸರಿಯಾದ ಈಡು. ಎರಡನೆಯ ಗೆರೆ ಬಾಯಿಗಿಂತ ಮೇಲೆಯೇ ಉಳಿದರೆ ಒಂದೋ ಎರಡು ಈಡು ಒಂದರ ಮೇಲೊಂದು ಕೂತಿವೆ, ಇಲ್ಲವೇ ಗುಂಡು ತಳ ಮುಟ್ಟದೆ ನಡುವೆ ನಿಂತಿದೆ. ಎರಡರಲ್ಲಿ ಯಾವುದಾದರೂ ಸರಿ, ಕೇಪು ಹಾಕುವ ಹಾಗಿಲ್ಲ. ಹಿರಿಯರು ತೀರಿಕೊಂಡ ಮೇಲೆ ಅಟ್ಟದಿಂದ ಇಳಿಸಿದ ಕೋವಿ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿ ಮರಳಿ ತಂದ ಕೋವಿ, ಹೊಸದಾಗಿ ಕೊಂಡ ಹಳೆಯ ಕೋವಿ, ಎಲ್ಲಕ್ಕೂ ಮೊದಲ ಕೆಲಸ ಗಜ ಬಿಡುವುದು. ನಿಮ್ಮ ಗೆರೆ ಇಲ್ಲದ ಹೊಸ ಕೋವಿಯಾದರೆ ಗಜ ಇಳಿದಷ್ಟು ಉದ್ದವನ್ನು ನಳಿಗೆಯ ಹೊರಮೈ ಮೇಲೆ ಇಟ್ಟು ನೋಡಿ: ತುದಿ ನಿಪ್ಪಲ್ಲಿನ ಹತ್ತಿರಕ್ಕೆ ಬರಬೇಕು. ಎರಡು ಮೂರು ಇಂಚು ಮುಂದೆಯೇ ನಿಂತರೆ ಒಳಗೆ ಏನೋ ಇದೆ. ಹಳೆಯ ಈಡಿನ ಮದ್ದು ದಶಕಗಳ ನಂತರವೂ ಹೊತ್ತಿಕೊಳ್ಳಬಲ್ಲದು.

ಕೇಪೇ ಸಿಡಿಯದಿದ್ದರೆ

ಸಿಡಿಯದ ಕೇಪನ್ನು ತೆಗೆದು ಬೆಳಕಿಗೆ ಹಿಡಿದು ನೋಡಿ. ಅದರ ನೆತ್ತಿಯ ಮೇಲಿನ ಗುರುತು ಅರ್ಧ ಕಥೆ ಹೇಳಿಬಿಡುತ್ತದೆ. ಗುರುತು ಆಳವಾಗಿ, ನಡುವೆ, ದುಂಡಗೆ ಇದ್ದರೆ ಕೇಪೇ ಕೆಟ್ಟದ್ದು: ತೇವ ಹಿಡಿದಿರಬಹುದು ಅಥವಾ ಒಳಗಿನ ಮಸಾಲೆ ಉದುರಿರಬಹುದು. ಗುರುತು ತೆಳುವಾಗಿದ್ದರೆ ಏಟು ಸಾಲದು. ಒಂದು ಪಕ್ಕಕ್ಕೆ ಅರ್ಧಚಂದ್ರದಂತೆ ಬಿದ್ದಿದ್ದರೆ ಕುದುರೆಯ ಮೂತಿ ಓರೆಯಾಗಿ ಬೀಳುತ್ತಿದೆ.

ಮೊದಲ ಏಟಿಗೆ ಸಿಡಿಯದ ಕೇಪು ಎರಡನೆಯ ಏಟಿಗೆ ಸಿಡಿದರೆ ಸ್ಪ್ರಿಂಗನ್ನು ಸಂಶಯಿಸಬೇಡಿ. ಕೇಪು ನಿಪ್ಪಲ್ಲಿನ ಮೇಲೆ ಪೂರ್ತಿ ಕೂತಿರಲಿಲ್ಲ. ಮೊದಲ ಏಟು ಅದನ್ನು ಕೂರಿಸಿತು, ಎರಡನೆಯದು ಸಿಡಿಸಿತು. ಎನ್‌ಫೀಲ್ಡಿಗೆ ಬೇಕಾದದ್ದು ಅಂಚು ಅಗಲಿಸಿದ ಟೋಪಿಯಾಕಾರದ ದೊಡ್ಡ ಮಸ್ಕೆಟ್ ಕೇಪು. ಬೇಟೆಯ ಕೋವಿ, ಪಿಸ್ತೂಲುಗಳಿಗೆ ಬರುವ 10, 11 ನಂಬರಿನ ಚಿಕ್ಕ ಕೇಪಿಗೆ ನಿಪ್ಪಲ್ಲೇ ಬೇರೆ. ದೊಡ್ಡ ಕೇಪನ್ನು ಹಿಸುಕಿ ಚಿಕ್ಕ ನಿಪ್ಪಲ್ಲಿಗೆ ಕೂರಿಸುವವರಿದ್ದಾರೆ. ಹಿಸುಕಿದ ಕೇಪು ಅರ್ಧಕ್ಕೆ ನಿಲ್ಲುತ್ತದೆ, ಕೈಯಲ್ಲೇ ಸಿಡಿಯುವ ಅಪಾಯವೂ ಉಂಟು. ಸರಿಯಾದ ಅಳತೆಯ ಕೇಪೂ ಕೂರದಿದ್ದರೆ ನಿಪ್ಪಲ್ಲಿನ ತಲೆ ಏಟು ತಿಂದು ಅಣಬೆಯಂತೆ ಅಗಲವಾಗಿರುತ್ತದೆ. ಖಾಲಿ ಕೋವಿಯ ಕುದುರೆಯನ್ನು ಬರಿಯ ನಿಪ್ಪಲ್ಲಿನ ಮೇಲೆ ಪಟಪಟ ಬೀಳಿಸುವ ಆಟದ ಫಲ ಅದು. ನಿಪ್ಪಲ್ ಬದಲಿಸಿ, ಮುಂದೆ ಅಭ್ಯಾಸಕ್ಕೆ ನಿಪ್ಪಲ್ಲಿನ ಮೇಲೆ ಚರ್ಮದ ತುಂಡು ಇಡಿ.

ಓರೆ ಏಟನ್ನು ಕಂಡುಹಿಡಿಯಲು ದೀಪದ ಮಸಿ ಸಾಕು. ನಿಪ್ಪಲ್ಲಿನ ತಲೆಗೆ ತೆಳುವಾಗಿ ಮಸಿ ಹಚ್ಚಿ, ಖಾಲಿ ಕೋವಿಯ ಕುದುರೆಯನ್ನು ಹೆಬ್ಬೆರಳಿನಿಂದ ತಡೆದು ಮೆಲ್ಲಗೆ ಇಳಿಸಿ, ಮತ್ತೆ ಎತ್ತಿ ಮೂತಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಮಸಿಯ ಉಂಗುರ ಪೂರ್ತಿಯಾಗಿ ಮೂತಿಯ ತಳದಲ್ಲಿ ಮೂಡಿದ್ದರೆ ಸರಿ. ಅಂಚಿನ ಗೋಡೆಗೆ ಮಸಿ ತಗುಲಿದ್ದರೆ ಮೂತಿ ನಿಪ್ಪಲ್ಲಿನ ಪಕ್ಕಕ್ಕೆ ಉಜ್ಜಿ ತನ್ನ ಏಟನ್ನು ಅಲ್ಲೇ ಕಳೆದುಕೊಳ್ಳುತ್ತಿದೆ. ಕುದುರೆ ಕೂತ ಚೌಕದ ಸಡಿಲ, ಬೇರೆ ಕೋವಿಯಿಂದ ತಂದು ಹಾಕಿದ ಕುದುರೆ, ಎತ್ತರ ಹೊಂದದ ನಿಪ್ಪಲ್ ಇವು ಕಾರಣಗಳು.

ಗುರುತು ನಡುವೆಯೇ ಇದ್ದು ತೆಳುವಾಗಿದ್ದರೆ, ಲಾಕನ್ನು (ಕುದುರೆಯನ್ನು ಹಿಡಿದು ಬೀಳಿಸುವ ಸ್ಪ್ರಿಂಗಿನ ಯಂತ್ರ) ಮರದಿಂದ ಬಿಚ್ಚುವ ಮುನ್ನ ಲಾಕಿನ ಎರಡು ಪಕ್ಕದ ತಿರುಪುಗಳನ್ನು ಕಾಲು ಸುತ್ತು ಸಡಿಲಿಸಿ ಇನ್ನೊಂದು ಕೇಪು ಹಾಕಿ ನೋಡಿ. ಸಿಡಿದರೆ ದೋಷ ಮರದ್ದು. ಸೆಪ್ಟೆಂಬರ್, ಅಕ್ಟೋಬರಿನ ಮಳೆಗೆ ಮರದ ಹಿಡಿ ಉಬ್ಬುತ್ತದೆ, ಲಾಕು ಕೂರುವ ಗೂಡಿನ ಗೋಡೆ ದೊಡ್ಡ ಸ್ಪ್ರಿಂಗಿಗೆ ತಗುಲಿ ಉಜ್ಜುತ್ತದೆ. ಲಾಕು ತೆಗೆದರೆ ಗೂಡಿನೊಳಗೆ ಸ್ಪ್ರಿಂಗಿನ ಉದ್ದಕ್ಕೆ ನುಣುಪಾಗಿ ಹೊಳೆಯುವ ಗೆರೆ ಕಾಣುತ್ತದೆ. ಅಷ್ಟು ಗೆರೆಯನ್ನು ಮಾತ್ರ ಉಳಿಯಿಂದ ಕಾಗದದಷ್ಟು ತೆಳುವಾಗಿ ಹೆರೆದು ಅಗಸೆಯೆಣ್ಣೆ ಸವರಿದರೆ ಸಾಕು. ಸ್ಪ್ರಿಂಗನ್ನು ಕಾಯಿಸಿ ಬಗ್ಗಿಸಿ ಬಲ ಹೆಚ್ಚಿಸಲು ಹೋಗಬೇಡಿ, ಹದ ಹೋದ ಸ್ಪ್ರಿಂಗು ಮುರಿಯುತ್ತದೆ. ಕುದುರೆ ಅರ್ಧ ಎತ್ತಿದ ಮಟ್ಟದಲ್ಲಿ ನಿಲ್ಲದೆ ಜಾರಿದರೆ, ಅಥವಾ ಆ ಮಟ್ಟದಲ್ಲಿದ್ದಾಗ ಟ್ರಿಗರ್ ಒತ್ತಿದರೆ ಬಿದ್ದರೆ, ಅದು ಬೇರೆಯೇ ದೋಷ. ಲಾಕಿನೊಳಗಿನ ಹಲ್ಲು ಸವೆದಿದೆ, ಆ ಕೋವಿಗೆ ಮದ್ದು ತುಂಬುವ ಹಾಗಿಲ್ಲ.

ಲಾಕಿನ ಒಳಗಿನ ಕೆಲಸ, ನಳಿಗೆಯ ಕೆಲಸ ಎರಡೂ ಪರವಾನಗಿ ಪಡೆದ ಕೋವಿ ರಿಪೇರಿಯವರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಡಿ ದುರಸ್ತಿಗೂ ಪರವಾನಗಿ ಬೇಕು. ನಳಿಗೆ ಗಿಡ್ಡ ಮಾಡುವುದು, ಗೋಡೆಗೆ ತೂಗುಹಾಕಲೆಂದು ಮಾಡಿದ ನಕಲಿ ಕೋವಿಯನ್ನು ಈಡು ಹಾರಿಸುವಂತೆ ಮಾರ್ಪಡಿಸುವುದು 6ನೇ ಕಲಮಿನ ವ್ಯಾಪ್ತಿಗೆ ಬರುತ್ತವೆ. ಪರಿಚಯದ ವೆಲ್ಡಿಂಗ್ ಅಂಗಡಿಗೆ ಕೋವಿ ಒಯ್ಯುವ ಮುನ್ನ ಇದನ್ನು ನೆನಪಿಡಿ. ಸಂಗ್ರಹಕಾರರಿಗೂ ಒಂದು ಮಾತು: 45ನೇ ಕಲಮಿನ ವಿನಾಯಿತಿ ಸಿಗುವುದು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದ ಹಳೆಯ ಆಯುಧಕ್ಕೆ ಮಾತ್ರ. ಈಡು ಹಾರಿಸಬಲ್ಲ ಎನ್‌ಫೀಲ್ಡಿಗೆ ಎಷ್ಟೇ ವಯಸ್ಸಾಗಿದ್ದರೂ ಪರವಾನಗಿ ಬೇಕು.

ಕೇಪು ಸಿಡಿಯಿತು, ಮದ್ದು ಹೊತ್ತಲಿಲ್ಲ

ಎಲ್ಲಕ್ಕಿಂತ ಹೆಚ್ಚಾಗಿ ಕಾಡುವ ದೋಷ ಇದು. ಕೇಪಿನ ಬೆಂಕಿ ನಿಪ್ಪಲ್ಲಿನ ತಳದಲ್ಲಿರುವ ಮುಕ್ಕಾಲು ಮಿಲಿಮೀಟರಿನಷ್ಟು ಸಣ್ಣ ತೂತಿನಿಂದ ಇಳಿದು, ನಳಿಗೆಯ ಪಕ್ಕಕ್ಕೆ ಉಬ್ಬಿಕೊಂಡಿರುವ ಕಿವಿಯೊಳಗೆ ತಿರುಗಿ, ಮದ್ದಿರುವ ಕೋಣೆಗೆ ಹೋಗಬೇಕು. ಈ ತಿರುವಿನಲ್ಲಿ ಒಂದು ಹನಿ ಎಣ್ಣೆ ನಿಂತರೂ ಸಾಕು, ಬೆಂಕಿ ಅಲ್ಲೇ ಆರುತ್ತದೆ.

ಎಣ್ಣೆ ಹೇಗೆ ಬರುತ್ತದೆ? ಕೋವಿಯನ್ನು ಒರೆಸಿ, ನಳಿಗೆಗೆ ಧಾರಾಳವಾಗಿ ಎಣ್ಣೆ ಬಿಟ್ಟು, ಬಾಯಿ ಮೇಲೆ ಮಾಡಿ ಮೂಲೆಗೆ ನಿಲ್ಲಿಸುತ್ತೇವೆ. ಎಣ್ಣೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿದು ಕಿವಿಯಲ್ಲಿ ಕೂರುತ್ತದೆ. ತುಮಕೂರು, ತಿಪಟೂರಿನ ಕಡೆ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಮಧ್ಯಾಹ್ನ ಸರಿಯಾಗಿ ಸಿಡಿಯುವ ಕೋವಿ ಡಿಸೆಂಬರಿನ ಬೆಳಗಿನ ಚಳಿಯಲ್ಲಿ, ನಂದಿ ಬೆಟ್ಟದ ಆಸುಪಾಸಿನ ಹೊಲಗಳಲ್ಲಿ, ಮೊದಲ ಈಡಿಗೆ ಹುಸಿ ಹೋಗುವುದಕ್ಕೆ ಇದೇ ಕಾರಣ: ನಿಪ್ಪಲ್ಲಿನೊಳಗೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆ. ಕಡಲೆಕಾಯಿ ಎಣ್ಣೆ ಹೆಪ್ಪುಗಟ್ಟದಿದ್ದರೂ ದಿನ ಕಳೆದಂತೆ ಅಂಟಾಗುತ್ತದೆ. ಹಚ್ಚಲೇಬೇಕಾದರೆ ಒಣಗದ ಹರಳೆಣ್ಣೆ ಲೇಸು, ಅದೂ ಬಟ್ಟೆಗೆ ಎರಡು ಹನಿ ಹಾಕಿ ಸವರುವಷ್ಟು ಮಾತ್ರ. ಸವರಿದ ಮೇಲೆ ಕೋವಿಯನ್ನು ಬಾಯಿ ಕೆಳಗೆ ಮಾಡಿ, ಕೆಳಗೊಂದು ಬಟ್ಟೆ ಇಟ್ಟು, ಒಂದು ರಾತ್ರಿ ನಿಲ್ಲಿಸಿ.

ಆಯುಧ ಪೂಜೆಯ ಮರುದಿನ ಬರುವ ದೂರುಗಳೇ ಬೇರೆ ಬಗೆಯವು. ಅರಿಶಿನ, ಕುಂಕುಮ, ಗಂಧವನ್ನು ಕುದುರೆಗೂ ನಿಪ್ಪಲ್ಲಿಗೂ ಹಚ್ಚಿರುತ್ತಾರೆ. ಗಂಧ ಒಣಗಿ ತೂತಿನಲ್ಲಿ ಗಾರೆಯಂತೆ ಕೂತಿರುತ್ತದೆ. ಪೂಜೆಗೆ ಅಡ್ಡಿಯಿಲ್ಲ, ಮರದ ಹಿಡಿಗೆ, ನಳಿಗೆಯ ಬಳೆಗೆ ಹಚ್ಚಿ. ನಿಪ್ಪಲ್ಲಿನ ಮೇಲೆ ಒಂದು ಒಣ ಚರ್ಮದ ತುಂಡು ಇಟ್ಟು ಕುದುರೆ ಇಳಿಸಿದರೆ ಅಲ್ಲಿಗೆ ಏನೂ ಹೋಗುವುದಿಲ್ಲ.

ಮೂರನೆಯ ಕಾರಣ ಸೀಮೆಎಣ್ಣೆ. ಕಪ್ಪು ಮದ್ದು ಸುಟ್ಟ ಮೇಲೆ ಉಳಿಯುವ ಕಿಟ್ಟದಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಸಲ್ಫೇಟ್‌ನಂಥ ಲವಣಗಳೇ ಹೆಚ್ಚು. ಲವಣ ಕರಗುವುದು ನೀರಿನಲ್ಲಿ. ಸೀಮೆಎಣ್ಣೆ, ಡೀಸೆಲ್ ಅದನ್ನು ಕರಗಿಸುವುದಿಲ್ಲ, ಕಿಟ್ಟದ ಜತೆ ಸೇರಿ ಡಾಂಬರಿನಂಥ ಮಡ್ಡಿಯಾಗುತ್ತದೆ. ಹೊರಗೆ ಬಟ್ಟೆ ಬೆಳ್ಳಗೆ ಬರುತ್ತದೆ, ಕಿವಿಯ ತಿರುವಿನಲ್ಲಿ ಮಡ್ಡಿ ಹಾಗೇ ಉಳಿಯುತ್ತದೆ. ಆ ಲವಣ ಗಾಳಿಯ ತೇವವನ್ನು ಎಳೆದುಕೊಂಡು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹಳೆಯ ಬಗೆಯ ಕೇಪಿನ ಮಸಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಸಿಡಿದ ಮೇಲೆ ಅದು ಅಡುಗೆ ಉಪ್ಪಿನ ಜಾತಿಯದೇ ಲವಣವಾಗಿ ಉಳಿದು ನಿಪ್ಪಲ್ಲಿನ ತಿರುಪಿನ ಎಳೆಗಳನ್ನು ತಿನ್ನುತ್ತದೆ. ಸಲೀಸಾಗಿ ಬಿಚ್ಚಿಕೊಳ್ಳಬೇಕಾದ ನಿಪ್ಪಲ್ ಕಚ್ಚಿಕೊಳ್ಳುವುದು ಇದರಿಂದಲೇ.

ತೊಳೆಯುವ ಕ್ರಮ ಹೀಗಿರಲಿ. ನಿಪ್ಪಲ್ ಬಿಚ್ಚಿ ಬಿಸಿನೀರಿನ ಲೋಟಕ್ಕೆ ಹಾಕಿ. ಎನ್‌ಫೀಲ್ಡಾದರೆ ಲಾಕು ತೆಗೆದಿಡಿ. ನೀರು ಮರದ ಗೂಡಿಗೆ ಇಳಿಯಬಾರದು. ನಿಪ್ಪಲ್ಲಿನ ಜಾಗಕ್ಕೆ ಒಂದು ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿ ಬಕೆಟ್ಟಿನ ನೀರಿನಲ್ಲಿರಲಿ. ಗಜಕ್ಕೆ ಬಿಗಿಯಾದ ಹತ್ತಿ ಬಟ್ಟೆ ಕಟ್ಟಿ ನಳಿಗೆಯಲ್ಲಿ ಮೇಲೆ ಕೆಳಗೆ ಆಡಿಸಿದರೆ ಪಂಪಿನಂತೆ ನೀರು ಕಿವಿಯ ತಿರುವಿನ ಮೂಲಕವೇ ಹೋಗಿ ಬರುತ್ತದೆ. ಕೈ ತಾಳುವಷ್ಟು ಬಿಸಿಯಿದ್ದರೆ ಸಾಕು, ಕುದಿಯುವ ನೀರು ಬೇಡ. ಅದು ಬೇಗ ಆವಿಯಾಗಿ ನಳಿಗೆಯೊಳಗೆ ಕಿತ್ತಳೆ ಬಣ್ಣದ ತೆಳು ತುಕ್ಕು ಬಿಡುತ್ತದೆ. ನೀರು ತಿಳಿಯಾಗಿ ಬರುವವರೆಗೆ ಮಾಡಿ, ಒಣ ಬಟ್ಟೆ ನಾಲ್ಕೈದು ಸಲ ಹಾಯಿಸಿ, ಕಿವಿಗೆ ಊದಿ ತೇವ ತೆಗೆಯಿರಿ. ಕಿವಿಯ ಹೊರಮೈಯಲ್ಲಿ ಶುಚಿ ಮಾಡುವ ಸಣ್ಣ ತಿರುಪು ಇರುವ ಕೋವಿಯಾದರೆ ಅದನ್ನೂ ಬಿಚ್ಚಿ. ಆ ತಿರುಪಿನ ತಲೆ ಸವೆದು ಅಲುಗಾಡುತ್ತಿದ್ದರೆ ಮಾತ್ರ ಬಿಚ್ಚದೆ ರಿಪೇರಿಯವರಿಗೇ ಕೊಡಿ.

ಹಾದಿ ತೆರೆಯಿತೇ ಎಂದು ತಿಳಿಯುವ ಪರೀಕ್ಷೆ ಹುಲ್ಲಿನ ಎಸಳಿನದು. ಗಜ ಬಿಟ್ಟು ಖಾಲಿ ಎಂದು ಮತ್ತೆ ಖಚಿತ ಮಾಡಿಕೊಳ್ಳಿ. ಹೊಡೆಯಲು ಅನುಮತಿ ಇರುವ ಜಾಗದಲ್ಲೇ, ಕೋವಿಯ ಬಾಯನ್ನು ನೆಲದ ಕಡೆಗೆ, ಒಂದು ಒಣ ಹುಲ್ಲಿನ ಎಸಳಿನಿಂದ ಒಂದು ಗೇಣು ದೂರಕ್ಕೆ ಹಿಡಿದು ಬರಿಯ ಕೇಪು ಹೊಡೆಯಿರಿ. ಎಸಳು ಜೋರಾಗಿ ಬಾಗಿ ಎದ್ದರೆ ಹಾದಿ ಚೊಕ್ಕ. ಸುಮ್ಮನೆ ನಡುಗಿದರೆ ಇನ್ನೂ ಎಣ್ಣೆಯೋ ಮಡ್ಡಿಯೋ ಇದೆ. ಅಲುಗಾಡದಿದ್ದರೆ ಪೂರ್ತಿ ಮುಚ್ಚಿದೆ, ಮದ್ದು ತುಂಬುವುದೇ ವ್ಯರ್ಥ. ದಿನದ ಮೊದಲ ಈಡಿಗೆ ಮುನ್ನ ಇಂಥ ಒಂದೆರಡು ಕೇಪು ಹೊಡೆಯುವುದು ಒಳ್ಳೆಯ ರೂಢಿ. ಉಳಿದ ಎಣ್ಣೆ ಸುಟ್ಟುಹೋಗುತ್ತದೆ. ಆಮೇಲೆ ಒಂದು ಒಣ ಬಟ್ಟೆ ತಳದವರೆಗೆ ಹಾಯಿಸಿ ತೆಗೆಯಿರಿ, ಇಲ್ಲದಿದ್ದರೆ ಕೇಪಿನ ಮಸಿಯೇ ತೂತಿನ ಬಾಯಿಗೆ ಕೂರುತ್ತದೆ.

ಎಸಳು ಚೆನ್ನಾಗಿ ಬಾಗಿದರೂ ಈಡು ಹಾರದಿದ್ದರೆ ಆಗ ಮಾತ್ರ ಮದ್ದಿನ ಸರದಿ. ಚಿಟಿಕೆ ಮದ್ದನ್ನು ಬಿಳಿ ಕಾಗದದ ಮೇಲೆ ಬೆರಳಿನಿಂದ ಉರುಳಿಸಿ. ಕಾಳು ಗಟ್ಟಿಯಾಗಿ ಉರುಳಿ, ಕಾಗದ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದರೆ ಒಳ್ಳೆಯದು. ಕಾಳು ಪುಡಿಯಾಗಿ ಕಪ್ಪು ಗೆರೆ ಬಿದ್ದರೆ ತೇವ ತಿಂದಿದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟಿದ್ದು ಇದಕ್ಕೆ ಸಾಮಾನ್ಯ ಕಾರಣ. ನೆನೆದ ಮದ್ದನ್ನು ಬಿಸಿಲಿಗೆ ಹರಡಿ ಮತ್ತೆ ಬಳಸುವ ಅಭ್ಯಾಸ ಬಿಡಿ. ನೆನೆದಾಗ ಮದ್ದಿನಲ್ಲಿರುವ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ಕರಗಿ ಬೇರೆಯಾಗಿರುತ್ತದೆ, ಒಣಗಿದರೂ ಹಳೆಯ ಮದ್ದಾಗುವುದಿಲ್ಲ. ಅದನ್ನು ಬಕೆಟ್ ತುಂಬ ನೀರಿಗೆ ಹಾಕಿ ಕದಡಿ ಹಾಳುಮಾಡಿ.

ಮದ್ದು ಮಂದವಾಗಿದೆಯೆಂದು ಅದರ ಜತೆ ಪಟಾಕಿಯ ಮದ್ದನ್ನೋ ತೋಟಾ ಬಿಚ್ಚಿದ ಹೊಗೆರಹಿತ ಮದ್ದನ್ನೋ ಬೆರೆಸುವವರಿಗೆ ಕೈಮುಗಿದು ಹೇಳುತ್ತೇವೆ: ಬೇಡ. ಈ ನಳಿಗೆಗಳನ್ನು ಮಾಡಿದ್ದು ಕಪ್ಪು ಮದ್ದಿನ ಒತ್ತಡಕ್ಕೆ. ಹೊಗೆರಹಿತ ಮದ್ದಿನ ಒಂದು ಈಡಿಗೇ ನಳಿಗೆ ಸೀಳಬಹುದು, ಎಡಗೈ ಇರುವ ಜಾಗದಲ್ಲೇ ಸೀಳಲೂಬಹುದು. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಹಳೆಯ ಸುರುಳಿ ನಳಿಗೆಗಳಿಗೂ ಹೊಸ ಉಕ್ಕಿನ ಪ್ರತಿಕೃತಿಗಳಿಗೂ ಈ ಮಾತು ಒಂದೇ.

ಸ್ವಲ್ಪ ತಡೆದು ಸಿಡಿಯುವುದು

ಠಸ್ ಮತ್ತು ಢಂ ಎರಡೂ ಬೇರೆಬೇರೆಯಾಗಿ ಕೇಳಿಸಿದರೆ ಹಾದಿ ಅರ್ಧ ಮುಚ್ಚಿದೆ ಎಂದು ತಿಳಿಯಿರಿ. ಮೇಲಿನ ಶುಚಿಯೇ ಇದಕ್ಕೂ ಪರಿಹಾರ. ಕಪ್ಪು ಮದ್ದಿನ ಬದಲಿಗೆ ಬಂದಿರುವ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಹೆಚ್ಚು ಶಾಖ ಕೇಳುತ್ತವೆ, ಚಿಕ್ಕ ಕೇಪಿನ ಕೋವಿಯಲ್ಲಿ ತಡವಾಗುವುದು ಅದರಿಂದಲೂ ಇರಬಹುದು. ತಡವಾಗಿ ಸಿಡಿಯುವ ಕೋವಿಯಿಂದ ಗುರಿ ನೋಡುವ ಪ್ರಯತ್ನ ಬೇಡ. ಅಷ್ಟರಲ್ಲಿ ಕೈ ಸರಿದಿರುತ್ತದೆ, ಗುರಿ ನೋಡುವ ಕಂಡಿಯನ್ನೂ ಗುಂಡನ್ನೂ ಸುಮ್ಮನೆ ದೂರುತ್ತೀರಿ.

ಕುದುರೆ ಹಿಂದಕ್ಕೆ ಎಗರಿದರೆ

ಈಡು ಹಾರಿತು, ಆದರೆ ಕುದುರೆ ತಾನಾಗಿ ಅರ್ಧಕ್ಕೆ ಎದ್ದು ನಿಂತಿದೆ, ಕೇಪು ಚೂರುಚೂರಾಗಿದೆ, ಕೆನ್ನೆಗೆ ಬಿಸಿ ತಾಗಿದೆ. ನಿಪ್ಪಲ್ಲಿನ ತೂತು ಸುಟ್ಟು ದೊಡ್ಡದಾಗಿದೆ ಎಂದರ್ಥ. ನಳಿಗೆಯ ಒತ್ತಡ ಹಿಂದಕ್ಕೆ ಬರುತ್ತಿದೆ. ಅಳೆಯಲು ಡ್ರಿಲ್ ಬಿಟ್ಟಿನ ಹಿಂಬದಿಯ ನಯವಾದ ಕಡ್ಡಿ ಬಳಸಿ, ಕೊರೆಯುವ ಕಡೆಯಲ್ಲ. ಹೊಸ ನಿಪ್ಪಲ್ಲಿನಲ್ಲಿ ಈ ತೂತು 0.7ರಿಂದ 0.8 ಮಿ.ಮೀ. ಇರುತ್ತದೆ. 1 ಮಿ.ಮೀ. ಕಡ್ಡಿ ಹೋದರೆ ನಿಪ್ಪಲ್ ಎಸೆಯುವ ಕಾಲ ಬಂದಿದೆ. ಡ್ರಿಲ್ಲಿನಿಂದ ತೂತು ಹಿಗ್ಗಿಸಬೇಡಿ ಎಂದದ್ದು ಇದಕ್ಕಾಗಿಯೇ: ಮುಚ್ಚಿದ ಹಾದಿಗೆ ದೊಡ್ಡ ತೂತು ಕೊಟ್ಟರೆ ಒಂದೆರಡು ದಿನ ಸಿಡಿಯುತ್ತದೆ, ಆಮೇಲೆ ಕೇಪಿನ ತಾಮ್ರದ ಚೂರು ಕಣ್ಣಿನ ಕಡೆಗೆ ಬರುತ್ತದೆ. ಕನ್ನಡಕವಿಲ್ಲದೆ ಕೇಪಿನ ಕೋವಿ ಹೊಡೆಯಲೇಬಾರದು.

ಹೊಸ ನಿಪ್ಪಲ್ ತರುವಾಗ ಹಳೆಯದನ್ನು ಕೈಯಲ್ಲೇ ಒಯ್ಯಿರಿ. ಮೂಲ ಎನ್‌ಫೀಲ್ಡಿನ ಎಳೆಗೂ ಪ್ರತಿಕೃತಿಗಳ ಎಳೆಗೂ ಹೊಂದದಿರಬಹುದು, ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು. ಪಾನಾ ಹಾಕಿ ಬಲವಂತ ಮಾಡಿದರೆ ಕಿವಿಯ ಎಳೆ ಹರಿಯುತ್ತದೆ, ಅಂಥ ನಿಪ್ಪಲ್ ಗುಂಡಿನಂತೆ ಹಾರಿ ಬರಬಲ್ಲದು. ಕಿವಿ ನಳಿಗೆಗೆ ಸೇರುವ ಸಂದಿಯಲ್ಲಿ ಹೊಡೆದ ಮೇಲೆ ಮಸಿಯ ಗೆರೆ ಕಂಡರೆ ಅಲ್ಲಿ ಬಿರುಕೋ ಸೋರಿಕೆಯೋ ಇದೆ. ಅಂದಿಗೆ ಕೋವಿ ಕೆಳಗಿಡಿ.

ಗುಂಡು ಇಳಿಯದೆ ನಡುವೆ ನಿಲ್ಲುವುದು

ಮಾರ್ಚಿನಿಂದ ಮೇವರೆಗೆ ಪಾವಗಡ, ಮಧುಗಿರಿ, ಗುಡಿಬಂಡೆ, ಬಾಗೇಪಲ್ಲಿಯ ಒಣ ಗಾಳಿಯಲ್ಲಿ ಇದು ಮಾಮೂಲು. ತೇವವಿರುವ ಕಡೆ ಮದ್ದಿನ ಕಿಟ್ಟ ಮೆತ್ತಗಿರುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ಈಡಿಗೇ ಒಣಗಿ ಗಾರೆಗಟ್ಟಿ, ನಾಲ್ಕನೆಯ ಗುಂಡು ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೇ ಹೊಡೆದರೆ ಮದ್ದಿಗೂ ಗುಂಡಿಗೂ ನಡುವೆ ಗಾಳಿಯ ಜಾಗ ಉಳಿದು ಗುಂಡು ನಿಂತಿದ್ದ ಕಡೆ ನಳಿಗೆ ಉಬ್ಬುತ್ತದೆ. ಬೆರಳ ತುದಿಯನ್ನು ನಳಿಗೆಯ ಉದ್ದಕ್ಕೂ ಜಾರಿಸಿದರೆ ಉಬ್ಬು ಉಂಗುರದಂತೆ ತಿಳಿಯುತ್ತದೆ. ಒಳಗಿನಿಂದ, ಚಿಕ್ಕ ಎಲ್ಇಡಿ ದೀಪವನ್ನು ತಳಕ್ಕೆ ಬಿಟ್ಟು ನೋಡಿದರೆ ಕಪ್ಪು ವರ್ತುಲದಂತೆ ಕಾಣುತ್ತದೆ. ಉಬ್ಬಿದ ನಳಿಗೆ ಗೋಡೆಗೆ ಮಾತ್ರ.

ತಡೆಯಲು ಪ್ರತಿ ಎರಡು ಮೂರು ಈಡಿಗೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿ ಬಟ್ಟೆಯನ್ನು ಒಮ್ಮೆ, ಹಿಂದೆಯೇ ಒಣ ಬಟ್ಟೆಯನ್ನು ಒಮ್ಮೆ ಹಾಯಿಸಿ. ಒದ್ದೆ ಹೆಚ್ಚಾದರೆ ಕಿಟ್ಟ ಕೆಸರಾಗಿ ಕಿವಿಗೆ ಇಳಿದು ಮುಂದಿನ ಈಡು ಹುಸಿ ಹೋಗುತ್ತದೆ. ಗುಂಡಿಗೆ ಸವರುವ ಮೇಣದಲ್ಲಿ ನಮ್ಮ ಬಿಸಿಲಿಗೆ ಜೇನುಮೇಣವೇ ಹೆಚ್ಚಿರಲಿ, ಕೊಬ್ಬೋ ಹರಳೆಣ್ಣೆಯೋ ಕಡಿಮೆಯಿರಲಿ. ಇಲ್ಲದಿದ್ದರೆ ಚೀಲದಲ್ಲೇ ಕರಗಿ ಮದ್ದಿಗೆ ಸೇರುತ್ತದೆ. ಗ್ರೀಸ್, ಎಂಜಿನ್ ಎಣ್ಣೆ ಬೇಡ.

ಗುರಿ ತಪ್ಪುವುದರ ಬಗ್ಗೆ ಚಿಕ್ಕದಾಗಿ. ಎನ್‌ಫೀಲ್ಡಿನ ಹಿಂಬದಿ ಟೊಳ್ಳಾದ ಗುಂಡು ಮದ್ದಿನ ಒತ್ತಡಕ್ಕೆ ಅರಳಿ ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಹಿಡಿಯಬೇಕು. ಸೀಸ ಮೆತ್ತಗಿದ್ದರೆ ಮಾತ್ರ ಅರಳುತ್ತದೆ: ಉಗುರಿನಿಂದ ಗೀರಿದರೆ ಗೆರೆ ಬೀಳಬೇಕು. ಬ್ಯಾಟರಿಯ ಸೀಸ ಗಟ್ಟಿ, ಕರಗಿಸಿದರೆ ವಿಷದ ಹೊಗೆ, ಎರಡು ಕಾರಣಕ್ಕೂ ಬೇಡ. ಗುಂಡು ಬೋರಿಗಿಂತ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ ಕಡಿಮೆಯಿರಲಿ. 0.577 ಎಂದು ಕರೆದರೂ ಹಳೆಯ ನಳಿಗೆಗಳು ಸವೆದು 0.580 ದಾಟಿರುತ್ತವೆ, ಅಳೆಯದೆ ಅಚ್ಚು ಕೊಳ್ಳಬೇಡಿ. 1857ರ ನಂತರ ಭಾರತೀಯ ಸಿಪಾಯಿಗಳಿಗೆಂದು ಗೀರುಗಳಿಲ್ಲದೆ, ದೊಡ್ಡ ಬೋರಿನಲ್ಲಿ ಮಾಡಿಸಿದ ಎನ್‌ಫೀಲ್ಡ್ ರೂಪದ ಕೋವಿಗಳೂ ಇವೆ. ಅವುಗಳಿಂದ ರೈಫಲಿನ ಗುರಿ ಕೇಳುವುದು ತಪ್ಪು.

ಸ್ನೈಡರ್, ಮಾರ್ಟಿನಿ-ಹೆನ್ರಿ

1866ರಲ್ಲಿ ಬಂದ ಸ್ನೈಡರ್ ಎಂದರೆ ಎನ್‌ಫೀಲ್ಡಿನ ಹಿಂಬದಿಗೆ ಪಕ್ಕಕ್ಕೆ ತೆರೆಯುವ ಕದ ಕೂರಿಸಿದ್ದು. ಕುದುರೆ ಕದದ ಮೇಲಿನ ನಿಪ್ಪಲ್ಲಿಗೆ ಹೊಡೆಯುತ್ತದೆ, ಅದರ ಕೆಳಗಿನ ಓರೆ ಸೂಜಿ ತೋಟಾಕ್ಕೆ ಹೊಡೆಯುತ್ತದೆ. ಹುಸಿ ಹೋದರೆ, ಎರಡು ನಿಮಿಷ ಕಾದ ಮೇಲೆಯೇ ಕದ ತೆರೆದು ತೋಟಾದ ಗುರುತು ನೋಡಿ. ತೆಳುವಾಗಿದ್ದರೆ ಸೂಜಿಯ ಗೂಡಿನಲ್ಲಿ ಗಟ್ಟಿಯಾದ ಹಳೆಯ ಎಣ್ಣೆ ಇರುತ್ತದೆ. ಸೂಜಿ, ಅದರ ಸ್ಪ್ರಿಂಗು ಬಿಚ್ಚಿ ತೊಳೆದು ಒಣಗಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಮಾರ್ಕ್ 3 ಎಂಬ ಮಾದರಿಗೆ ಮುಂಚಿನ ಸ್ನೈಡರ್‌ಗಳ ಕದಕ್ಕೆ ಚಿಲಕವಿಲ್ಲ. ಹೊಡೆದಾಗ ಕದ ಎದ್ದು ನಿಂತರೆ ಅಂಥ ಕೋವಿಯನ್ನು ಮುಂದೆ ಹೊಡೆಯಬೇಡಿ.

1871ರ ಮಾರ್ಟಿನಿ-ಹೆನ್ರಿಯಲ್ಲಿ ಹೊರಗೆ ಕುದುರೆಯಿಲ್ಲ. ಕೆಳಗಿನ ಲಿವರ್ ತಗ್ಗಿಸಿದರೆ, ತೋಟಾದ ಹಿಂಬದಿಯನ್ನು ಮುಚ್ಚುವ ಒಳಗಿನ ದಿಮ್ಮಿ ಇಳಿದು ಸೂಜಿ ತಾನೇ ಹಿಂದಕ್ಕೆ ಸರಿದು ನಿಲ್ಲುತ್ತದೆ. ಇಲ್ಲಿ ತೆಳು ಏಟಿಗೆ ಎರಡು ಕಾರಣ. ಸೂಜಿಯ ಸುರುಳಿ ಸ್ಪ್ರಿಂಗು ಬಲಗುಂದಿರುವುದು, ಅಥವಾ ತೋಟಾದ ಅಂಚು ತೆಳುವಾಗಿದ್ದು ತೋಟಾ ಏಟಿಗೆ ಮುಂದಕ್ಕೆ ಸರಿಯುವುದು. ಷಾಟ್‌ಗನ್ನಿನ 24 ಬೋರಿನ ಹಿತ್ತಾಳೆ ತೋಟಾಗಳಿಂದ ರೂಪಿಸಿದ ಮಾರ್ಟಿನಿಯ 577/450 ತೋಟಾಗಳಲ್ಲಿ ಈ ಎರಡನೆಯದನ್ನು ಮೊದಲು ನೋಡಿ. ಅಂಚಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆದು, ಚೆನ್ನಾಗಿ ಸಿಡಿಯುವ ತೋಟಾದ ದಪ್ಪದೊಂದಿಗೆ ಹೋಲಿಸಿದರೆ ಸ್ಪ್ರಿಂಗಿನ ತಪ್ಪೋ ತೋಟಾದ ತಪ್ಪೋ ಬೇರ್ಪಡುತ್ತದೆ. ಲಿವರ್ ಪೂರ್ತಿ ಮೇಲಕ್ಕೆ ಬಾರದಿದ್ದರೆ ಬಲವಂತವಾಗಿ ಒತ್ತಬೇಡಿ, ದಿಮ್ಮಿಯ ಕೆಳಗೆ ಕಿಟ್ಟವೋ ಕಾಗದದ ಚೂರೋ ಕೂತಿರುತ್ತದೆ.

ಪೆಟ್ಟಿಗೆಯ ತಳದಲ್ಲಿ ಸಿಗುವ ಹಳೆಯ ಮಾರ್ಟಿನಿ, ಸ್ನೈಡರ್ ತೋಟಾಗಳನ್ನು ಹೊಡೆಯಲು ಹೋಗಬೇಡಿ. ವಯಸ್ಸಾದ ಹಿತ್ತಾಳೆ ಪೆಳಸಾಗಿರಬಹುದು, ತೋಟಾದ ಹಿಂಬದಿ ಹರಿದು ಬಿಸಿಗಾಳಿ ದಿಮ್ಮಿಯ ಸುತ್ತಲಿಂದ ಮುಖಕ್ಕೆ ಬರಬಹುದು. ನೋಡಲು ಮಾರ್ಟಿನಿಯಂತೆಯೇ ಇರುವ ನೇಪಾಳದ ಗಹೇಂದ್ರ ಕೋವಿಯ ಒಳಗಿನ ಕಟ್ಟು ಬೇರೆ, ಉಕ್ಕಿನ ಹದವನ್ನೂ ನಂಬುವ ಹಾಗಿಲ್ಲ. ಮೈಮೇಲಿನ ದೇವನಾಗರಿ ಅಕ್ಷರ ನೋಡಿ ಗುರುತಿಸಿ ಸಂಗ್ರಹದಲ್ಲಿಡಿ, ತೋಟಾ ಹಾಕಬೇಡಿ.